ಹಿತ್ತಲಿಗೆ ಬರುವ ಬಿಜ್ಜು



ಬೇಟೆಹಕ್ಕಿಗಳ ಚಿತ್ರ ತೆಗೆಯುವುದೆಂದರೆ ಬಂಡೀಪುರಕ್ಕೋ ನಾಗರಹೊಳೆಗೋ ಹೋಗಬೇಕೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಹಿತ್ತಲಿನಲ್ಲಿ ಒಂದು ಮಾವಿನ ಮರ, ಎರಡು ತೆಂಗು, ನಾಲ್ಕು ಅಳಿಲು ಇದ್ದರೆ ಸಾಕು. ಬಿಜ್ಜು ತಾನಾಗಿಯೇ ಹುಡುಕಿಕೊಂಡು ಬರುತ್ತದೆ.

ಬಿಜ್ಜು ಗಿಡುಗ ಜಾತಿಯ ಹಕ್ಕಿ. ಶಿಕ್ರಾ ಎಂಬ ಹೆಸರೂ ಇದಕ್ಕುಂಟು. ಗಾತ್ರ ಸುಮಾರು ಪಾರಿವಾಳದಷ್ಟು, ಅಂದರೆ 30 ಸೆಂಟಿಮೀಟರಿನ ಆಸುಪಾಸು. ಬೆನ್ನು ಬೂದು, ಎದೆಯ ಮೇಲೆ ಕಂದುಗೆಂಪು ಅಡ್ಡಗೆರೆಗಳು. ಗಂಡಿಗೆ ಕೆಂಪು ಕಣ್ಣು. ಹೆಣ್ಣಿನ ಕಣ್ಣು ಹಳದಿಯ ಕಡೆಗೆ ವಾಲುತ್ತದೆ. ಗಂಡಿಗಿಂತ ಹೆಣ್ಣೇ ದೊಡ್ಡದು. ಹಲ್ಲಿ, ಓತಿಕ್ಯಾತ, ಮಿಡತೆ, ಸಣ್ಣ ಹಕ್ಕಿ, ಇಲಿ, ಅಳಿಲುಗಳೇ ಇದರ ಆಹಾರ.

ಅದು ಬಂದದ್ದನ್ನು ಕಣ್ಣಿಗಿಂತ ಮೊದಲು ಕಿವಿ ತಿಳಿಸುತ್ತದೆ. ಅಳಿಲು ಬಾಲ ಕೊಡವುತ್ತಾ ಒಂದೇ ಸಮನೆ ಚಿರಿಗುಟ್ಟುತ್ತದೆ, ಪಿಕಳಾರಗಳು ಗಲಾಟೆಯೆಬ್ಬಿಸುತ್ತವೆ. ಆದರೆ ಬರಿಯ ಕೂಗನ್ನು ನಂಬಿ ಓಡಬೇಡಿ. ಕಾಜಾಣ ಬಿಜ್ಜುವಿನ ದನಿಯನ್ನು ಸೊಗಸಾಗಿ ಅಣಕಿಸಿ, ಇತರ ಹಕ್ಕಿಗಳನ್ನು ಬೆದರಿಸಿ ಅವುಗಳ ತುತ್ತು ಕಸಿಯುವುದುಂಟು.

ಇನ್ನು ಕ್ಯಾಮೆರಾದ ಮಾತು. ಹಕ್ಕಿ ಹೆದರುವುದು ಕ್ಯಾಮೆರಾಕ್ಕಲ್ಲ, ಮನುಷ್ಯನ ಆಕಾರಕ್ಕೆ, ಅವನ ಚಲನೆಗೆ. ಆದ್ದರಿಂದ ಅಡುಗೆಮನೆಯ ಕಿಟಕಿಯೇ ಒಳ್ಳೆಯ ಮರೆ. ಗಾಜು ತೆರೆಯಿರಿ, ಪರದೆಯ ಸಂದಿನಿಂದ ಮಸೂರ ಮಾತ್ರ ಹೊರಚಾಚಲಿ. 300 ಅಥವಾ 400 ಮಿಲಿಮೀಟರಿನ ಮಸೂರವಿದ್ದರೆ ಅನುಕೂಲ. ಕುಳಿತ ಹಕ್ಕಿಗೆ ಸೆಕೆಂಡಿನ 1/250 ಭಾಗ ಸಾಕಾದೀತು. ಹಾರುವಾಗ 1/1000ಕ್ಕಿಂತ ಕಡಿಮೆ ಬೇಡ. ಬೆಳಗಿನ ಬಿಸಿಲು ನಿಮ್ಮ ಬೆನ್ನ ಹಿಂದಿರಲಿ. ಹಿನ್ನೆಲೆಯಲ್ಲಿ ಬಿಳಿಯ ಆಕಾಶವಿದ್ದರೆ ಕ್ಯಾಮೆರಾದ ಬೆಳಕಿನ ಅಳತೆ ಮೋಸಹೋಗಿ ಹಕ್ಕಿ ಕಪ್ಪು ನೆರಳಾಗುತ್ತದೆ. ಒಂದು ಹಂತ ಹೆಚ್ಚು ಬೆಳಕು ಕೊಡಿ. ಏನೇ ಆದರೂ ಕಣ್ಣು ಸ್ಪಷ್ಟವಾಗಿರಬೇಕು. ಕಣ್ಣು ಮಸುಕಾದರೆ ಚಿತ್ರವೇ ಮಸುಕು.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ಒಂದು ಬೇಸಿಗೆ, ಮನೆಯ ಹಿಂದಿನ ಸಿಲ್ವರ್ ಓಕ್ ಮರದಲ್ಲಿ ಬಿಜ್ಜು ಗೂಡು ಕಟ್ಟಿತು. ಕಾಗೆಯ ಗೂಡಿನಂಥದೇ ಕಡ್ಡಿಗಳ ಗೂಡು. ಕಿಟಕಿಯಿಂದ ಚೆನ್ನಾಗಿಯೇ ಕಾಣುತ್ತಿತ್ತು. ನನಗೆ ಅದು ಸಾಲದಾಯಿತು. ತಾರಸಿಯ ಅಂಚಿನಲ್ಲಿ ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ಕುಳಿತೆ. ಹೆಣ್ಣು ಎದ್ದುಹೋಗಿ ಪಕ್ಕದ ಮರದಲ್ಲಿ ಕೂಗುತ್ತಿತ್ತು. ‘ಅಭ್ಯಾಸವಾಗುತ್ತದೆ’ ಎಂದುಕೊಂಡೆ. ಮೂರನೆಯ ಬೆಳಿಗ್ಗೆ ಎರಡು ಕಾಗೆಗಳು ಗೂಡಿನ ಅಂಚಿನಲ್ಲಿದ್ದವು. ಮೊಟ್ಟೆಗಳನ್ನು ತಿಂದದ್ದು ಕಾಗೆ, ನಿಜ; ದಾರಿ ಬಿಟ್ಟುಕೊಟ್ಟವನು ನಾನು. ಸುಮಾರು ಮೂರು ವಾರ ಕಾವು ಬೇಕಾದ ಮೊಟ್ಟೆಗಳನ್ನು ತಾಯಿಯಿಂದ ಒಂದೆರಡು ಗಂಟೆ ದೂರ ಮಾಡಿದರೂ ಅಪಾಯವೆಂದು ವಿಜ್ಞಾನ ಓದಿದ ನನಗೆ ತಿಳಿಯದ ವಿಷಯವೇನಲ್ಲ. ತಿಳಿದೂ ಕುಳಿತಿದ್ದೆ. ಆಗ ತೆಗೆದ ಚಿತ್ರಗಳು ಚೆನ್ನಾಗಿಯೇ ಬಂದಿವೆ. ಯಾರಿಗೂ ತೋರಿಸಿಲ್ಲ.

ಆದ್ದರಿಂದ ಗೂಡಿನ ಹತ್ತಿರ ಹೋಗಬೇಡಿ. ಚಿತ್ರಕ್ಕಾಗಿ ಇಲಿಯನ್ನು ಕಟ್ಟಿಹಾಕುವುದು, ಧ್ವನಿಮುದ್ರಿತ ಕೂಗನ್ನು ಕೇಳಿಸಿ ಕರೆಯುವುದು, ಗೂಡು ಕಾಣಲೆಂದು ಕೊಂಬೆ ಕಡಿಯುವುದು, ಇವು ಯಾವುವೂ ಬೇಡ. ಬಿಜ್ಜು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಹಕ್ಕಿ ಎಂಬುದೂ ನೆನಪಿರಲಿ. ದೂರ ಎಷ್ಟಿರಬೇಕೆಂಬುದನ್ನು ಹಕ್ಕಿಯೇ ಹೇಳುತ್ತದೆ. ಅದು ಗರಿ ತೀಡುವುದನ್ನು ನಿಲ್ಲಿಸಿ ನಿಮ್ಮನ್ನೇ ದಿಟ್ಟಿಸತೊಡಗಿದರೆ ನೀವು ಹತ್ತಿರವಾಗಿದ್ದೀರಿ ಎಂದರ್ಥ. ಹಿಂದೆ ಸರಿಯಿರಿ.

ಪ್ರತಿ ಚಿತ್ರದೊಡನೆ ದಿನಾಂಕ, ಹೊತ್ತು, ಸ್ಥಳ ಬರೆದಿಡಿ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಬೇಟೆಹಕ್ಕಿಗಳ ಸಂಖ್ಯೆ ಇಳಿಮುಖವಾಗಿದೆ ಎಂದು ಅದು ಎಚ್ಚರಿಸಿದ್ದು ಸಾವಿರಾರು ಹವ್ಯಾಸಿಗಳು ಬರೆದಿಟ್ಟ ಇಂಥ ಟಿಪ್ಪಣಿಗಳ ಆಧಾರದ ಮೇಲೆಯೇ. ನಿಮ್ಮ ಹಿತ್ತಲಿನ ಒಂದು ಸಾಲೂ ಅಲ್ಲಿಗೆ ಸಲ್ಲುತ್ತದೆ.

ಮರುವರ್ಷ ಆ ಸಿಲ್ವರ್ ಓಕಿಗೆ ಬಿಜ್ಜು ಬರಲಿಲ್ಲ. ಅದರ ಮುಂದಿನ ವರ್ಷ ಎರಡು ಮನೆ ಆಚೆಯ ಬೇವಿನಲ್ಲಿ ಗೂಡು ಕಟ್ಟಿತು. ಈ ಸಲ ನಾನು ಕಿಟಕಿಯಲ್ಲೇ ಉಳಿದೆ. ಚಿತ್ರದಲ್ಲಿ ಹಕ್ಕಿ ಚಿಕ್ಕದಾಗಿ ಬಂದಿದೆ, ಮರಿಗಳು ಹಾರಿಹೋದವು.