ಎಷ್ಟು ಸದಸ್ಯರಾದರೆ ಸರಿದೂಗುತ್ತದೆ?
(ಮಹಿಳಾ ವಿಭಾಗದ ‘ಸ್ವಂತ ಉದ್ಯೋಗ’ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಯೋಗ ಕ್ಲಾಸ್ ನಡೆಸುವವಳು ಎಂದು ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ಆದರೆ ಇವತ್ತು ಆಸನಗಳ ಬಗ್ಗೆ ಮಾತನಾಡುವುದಿಲ್ಲ. ಯೋಗ ಈ ಊರಿಗೆ ಹೊಸತೂ ಅಲ್ಲ. ಶ್ರೀ ಯೋಗೇಂದ್ರರು 1918ರಲ್ಲೇ ವರ್ಸೋವಾದಲ್ಲಿ ಯೋಗ ಸಂಸ್ಥೆ ಆರಂಭಿಸಿದ್ದರು. ಸಾಂತಾಕ್ರೂಜ್‌ನಲ್ಲಿ ಅದು ಇಂದಿಗೂ ಇದೆ. ಕಲಿಸುವುದು ನಮಗೆ ಗೊತ್ತು. ಲೆಕ್ಕ ಇಡುವುದರಲ್ಲಿ ನಾವು ಹಿಂದೆ. ನಾನಂತೂ ತುಂಬ ಹಿಂದಿದ್ದೆ. ಆ ಕತೆಯನ್ನೇ ಹೇಳುತ್ತೇನೆ.

ಮೊದಲು ಮನೆಯ ಹಾಲ್‌ನಲ್ಲೇ ಕಲಿಸುತ್ತಿದ್ದೆ. 2022ರಲ್ಲಿ ಡೊಂಬಿವಲಿ ಪೂರ್ವದಲ್ಲಿ ಒಂದು ಸಣ್ಣ ಗಾಳಾ ಬಾಡಿಗೆಗೆ ಹಿಡಿದೆ. ಒಮ್ಮೆಗೆ 12 ಮ್ಯಾಟ್ ಹಾಸಬಹುದು. ದಿನಕ್ಕೆ ಐದು ಬ್ಯಾಚ್. ತಿಂಗಳಿಗೆ 1,500 ರೂಪಾಯಿ ಶುಲ್ಕ. ವಾರಕ್ಕೆರಡು ದಿನ ಝುಂಬಾ ಕಲಿಸಲು ಬೇರೆಯವರು ಬರುತ್ತಿದ್ದರು.

2024ರ ಜನವರಿಯಲ್ಲಿ, ವರ್ಷದ ಶುಲ್ಕ ಒಟ್ಟಿಗೇ ಕಟ್ಟಿದರೆ 12,000 ರೂಪಾಯಿ ಸಾಕು ಎಂದು ರಿಯಾಯಿತಿ ಕೊಟ್ಟೆ. ಇಪ್ಪತ್ತು ಮಂದಿ ಕಟ್ಟಿದರು. ಹತ್ತೇ ದಿನದಲ್ಲಿ 2,40,000 ರೂಪಾಯಿ ಖಾತೆಗೆ ಬಂತು. ಲಕ್ಷ್ಮಿಯೇ ಮನೆಗೆ ನಡೆದು ಬಂದಳು ಅಂದುಕೊಂಡೆ. ಠಾಕುರ್ಲಿಯಲ್ಲಿ ಇನ್ನೊಂದು ಗಾಳಾ ನೋಡಿ 25,000 ರೂಪಾಯಿ ಟೋಕನ್ ಕೊಟ್ಟೇಬಿಟ್ಟೆ. ಡಿಪಾಜಿಟ್‌ಗೆ ಹಣ ಸಾಲದು. ಅಮ್ಮ ಕೊಟ್ಟ ಬಳೆಗಳನ್ನು ಅಡವಿಡುವುದೆಂದು ತೀರ್ಮಾನಿಸಿದ್ದೆ.

ನನ್ನ ಅಪ್ಪ ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದು, ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದವರು. ಕೊನೆಗೆ ಅದೇ ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಜನ ಬಂದರೆ ನಿನ್ನ ಖರ್ಚು ಹುಟ್ಟುತ್ತದೆ ಮಗಾ?”

ನನಗೆ ಉತ್ತರ ಗೊತ್ತಿರಲಿಲ್ಲ. “ಗಲ್ಲಾಪೆಟ್ಟಿಗೆ ತುಂಬಿದೆಯಲ್ಲ ಅಪ್ಪ” ಎಂದೆ. “ತುಂಬಿದ್ದೆಲ್ಲ ಲಾಭ ಅಲ್ಲ. ಹಾಲಿನವನ ಬಿಲ್ ಇನ್ನೂ ಬರಬೇಕು” ಎಂದರು.

ಆ ರಾತ್ರಿ ಕಾಮರ್ಸ್ ಓದುತ್ತಿದ್ದ ಮಗಳು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್‌ನಲ್ಲಿ ಒಂದು ಹಾಳೆ ಮಾಡಿದಳು. ಅವಳ ಪುಸ್ತಕದಲ್ಲಿ ಇದಕ್ಕೆ ಬ್ರೇಕ್ ಈವನ್ ಎನ್ನುತ್ತಾರೆ. ಲಾಭವೂ ಇಲ್ಲ, ನಷ್ಟವೂ ಇಲ್ಲ, ಸರಿದೂಗಿತು ಎನ್ನುವ ಹಂತ.

ಮೊದಲು ಖರ್ಚನ್ನು ಎರಡು ಪಾಲು ಮಾಡಿದೆವು. ಒಬ್ಬರು ಬಂದರೂ ಐವತ್ತು ಜನ ಬಂದರೂ ಕೊಡಲೇಬೇಕಾದದ್ದು ನಿಶ್ಚಿತ ಖರ್ಚು. ಬಾಡಿಗೆ 28,000, ಸಹಾಯಕಿಯ ಸಂಬಳ 14,000, ವಿದ್ಯುತ್ 6,000, ಗುಡಿಸಿ ಒರೆಸುವವರಿಗೆ 3,000, ಇಂಟರ್ನೆಟ್ ಇತ್ಯಾದಿ 2,000, ಮ್ಯಾಟ್ ಮತ್ತು ಏಸಿ ಸವೆತಕ್ಕೆಂದು 3,000. ಒಟ್ಟು 56,000 ರೂಪಾಯಿ. ಇನ್ನೊಂದು, ಸದಸ್ಯರು ಹೆಚ್ಚಾದಂತೆ ಹೆಚ್ಚುವ ಖರ್ಚು. ಝುಂಬಾ ಕಲಿಸುವವರಿಗೆ ತಲೆಗೆ 250, ಸಣ್ಣಪುಟ್ಟದ್ದಕ್ಕೆ 50. ಹೀಗೆ ತಲೆಗೆ 300. ಶುಲ್ಕ 1,500ರಲ್ಲಿ ಈ 300 ಕಳೆದರೆ ಒಬ್ಬ ಸದಸ್ಯೆಯಿಂದ ನನ್ನ ಕೈಗೆ ಉಳಿಯುವುದು 1,200. ಇನ್ನು 56,000ವನ್ನು 1,200ರಿಂದ ಭಾಗಿಸಿದರೆ 46.67. ಅರ್ಧ ಸದಸ್ಯೆ ಯಾರೂ ಇರುವುದಿಲ್ಲವಲ್ಲ, ಹಾಗಾಗಿ 47.

ನನಗೆ ಖುಷಿಯೋ ಖುಷಿ. ನನ್ನ ಬಳಿ 52 ಜನ ಇದ್ದರು!

ಮಗಳು ಎರಡು ಪ್ರಶ್ನೆ ಕೇಳಿದಳು. ಮೊದಲನೆಯದು: “ಅಮ್ಮಾ, ಆ ಇಪ್ಪತ್ತು ಜನ ತಿಂಗಳಿಗೆ 1,500 ಕೊಡುತ್ತಾರಾ?” ಇಲ್ಲ. ವರ್ಷಕ್ಕೆ 12,000 ಎಂದರೆ ತಿಂಗಳಿಗೆ ಒಂದು ಸಾವಿರ. ಅದರಲ್ಲಿ 300 ಹೋದರೆ ಉಳಿಯುವುದು 700. ಇಪ್ಪತ್ತು ಜನರಿಂದ 14,000, ಉಳಿದ 32 ಜನರಿಂದ 38,400. ಒಟ್ಟು 52,400. ಖರ್ಚು 56,000. ಅಂದರೆ ತಿಂಗಳಿಗೆ 3,600 ರೂಪಾಯಿ ನಷ್ಟ. ಜನವರಿಯಲ್ಲಿ ಬಂದ ಹಣ ಜನವರಿಯದ್ದಲ್ಲ, ಡಿಸೆಂಬರ್‌ವರೆಗೂ ಕಲಿಸಿ ತೀರಿಸಬೇಕಾದ ಸಾಲ ಎಂದು ಆಗ ಅರ್ಥವಾಯಿತು.

ಎರಡನೆಯ ಪ್ರಶ್ನೆ ಇನ್ನೂ ನೋವಿನದು: “ನಿನ್ನ ಸಂಬಳ ಎಲ್ಲಿ?” ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದು ರಾತ್ರಿ ಎಂಟೂವರೆಗೆ ಬೀಗ ಹಾಕುವ ನನ್ನ ಹೆಸರು ಆ ಹಾಳೆಯಲ್ಲೇ ಇರಲಿಲ್ಲ. ಅಕ್ಕತಂಗಿಯರೇ, ಹಪ್ಪಳ, ಟ್ಯೂಷನ್, ಟೈಲರಿಂಗ್, ಯಾವುದನ್ನೇ ಮಾಡಿದರೂ ನಾವು ಮಾಡುವ ತಪ್ಪು ಇದು. ನಮ್ಮ ದುಡಿಮೆಗೆ ಬೆಲೆ ಸೊನ್ನೆ ಎಂದು ನಾವೇ ಬರೆದುಕೊಳ್ಳುತ್ತೇವೆ. ಮಗಳು 20,000 ಸೇರಿಸಿದಳು. ನಿಶ್ಚಿತ ಖರ್ಚು 76,000 ಆಯಿತು. ಪೂರ್ತಿ ಶುಲ್ಕ ಕೊಡುವವರೇ 64 ಜನ ಬೇಕು. ನನ್ನಲ್ಲಿ ಜಾಗ ಎಷ್ಟಿದೆ? ಐದು ಬ್ಯಾಚ್‌ಗೆ 12ರಂತೆ 60. ಕ್ಲಾಸ್ ಭರ್ತಿಯಾದರೂ ಸರಿದೂಗದ ವ್ಯವಹಾರವನ್ನು ನಾನು ಇನ್ನೊಂದು ಕಡೆಯೂ ತೆರೆಯಲು ಹೊರಟಿದ್ದೆ!

ಠಾಕುರ್ಲಿಯ ಟೋಕನ್ ಹಣ ವಾಪಸು ಬರಲಿಲ್ಲ. ಬಳೆಗಳು ಕೈಯಲ್ಲೇ ಉಳಿದವು. ಇವತ್ತೂ ಹಾಕಿಕೊಂಡೇ ಬಂದಿದ್ದೇನೆ.

ಆಮೇಲೆ ಏನು ಮಾಡಿದೆ? ಹಾಳೆಯಲ್ಲಿ ಒಂದು ಅಂಕಿ ಬದಲಿಸಿದರೆ ಉತ್ತರವೂ ತಾನೇ ಬದಲಾಗುತ್ತದೆ. ಸ್ಪ್ರೆಡ್‌ಶೀಟಿನ ದೊಡ್ಡ ಉಪಕಾರ ಇದೇ. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಕೂಡ ಇದಕ್ಕಾಗಿಯೇ ಹುಟ್ಟಿದ್ದು. ಅಂಕಿ ಬದಲಾದಾಗಲೆಲ್ಲ ಕರಿಹಲಗೆ ಒರೆಸಿ ಮತ್ತೆ ಲೆಕ್ಕ ಮಾಡುವ ಕಷ್ಟವನ್ನು ತಪ್ಪಿಸಲು ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ಅದನ್ನು ಯೋಚಿಸಿದರು. ನಾವೂ ಮನೆಯ ಮೇಜಿನ ಮೇಲೆ “ಹೀಗಾದರೆ? ಹಾಗಾದರೆ?” ಎಂದು ನೋಡುತ್ತಾ ಕುಳಿತೆವು. ಜನ ಹೆಚ್ಚಲಿ ಎಂದು ಶುಲ್ಕ 1,200ಕ್ಕೆ ಇಳಿಸಿದರೆ? 85 ಜನ ಬೇಕು, ಜಾಗವೇ ಇಲ್ಲ. 1,700ಕ್ಕೆ ಏರಿಸಿದರೆ? 55 ಸಾಕು.

ಹೊಸ ವರ್ಷಕ್ಕೆ ಆ ರಿಯಾಯಿತಿ ನಿಲ್ಲಿಸಿದೆ. ಶುಲ್ಕ 1,700 ಮಾಡಿದೆ. ಮಧ್ಯಾಹ್ನ ಖಾಲಿ ಬಿದ್ದಿರುತ್ತಿದ್ದ ಜಾಗವನ್ನು, ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ಭರತನಾಟ್ಯ ಕಲಿಸುವವರೊಬ್ಬರಿಗೆ ತಿಂಗಳಿಗೆ 6,000ಕ್ಕೆ ಕೊಟ್ಟೆ. ನಾನು ಹೊರಬೇಕಾದ ನಿಶ್ಚಿತ ಖರ್ಚು 70,000ಕ್ಕೆ ಇಳಿಯಿತು. ಒಬ್ಬರಿಂದ ಉಳಿಯುವುದು 1,400. ಈಗ 50 ಸದಸ್ಯರಾದರೆ ಸರಿ. ಶುಲ್ಕ ಏರಿಸಿದಾಗ ಆರು ಮಂದಿ ಬಿಟ್ಟರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದರೆ ನಿಧಾನವಾಗಿ ಹೊಸಬರು ಬಂದರು. ಈಗ ಸರಾಸರಿ 57 ಜನ ಇದ್ದಾರೆ. ನನ್ನ ಸಂಬಳ ತೆಗೆದ ಮೇಲೂ ತಿಂಗಳಿಗೆ 9,800 ಉಳಿಯುತ್ತದೆ.

ಮುಂಬಯಿಯಲ್ಲಿ ಇನ್ನೊಂದು ಲೆಕ್ಕ ಇದೆ. ಮೇ ತಿಂಗಳಲ್ಲಿ ಅರ್ಧ ಜನ ಊರಿಗೆ ಹೋಗುತ್ತಾರೆ. ಜುಲೈ ಮಳೆಯಲ್ಲಿ ಟ್ರೇನ್ ನಿಂತರೆ ಸಂಜೆಯ ಬ್ಯಾಚ್ ಖಾಲಿ. ಅದಕ್ಕೆ ತಿಂಗಳ ಬದಲು ವರ್ಷದ ಲೆಕ್ಕ ಇಡಿ. ನನಗೆ ವರ್ಷಕ್ಕೆ 8,40,000 ಬೇಕು. 1,400ರಿಂದ ಭಾಗಿಸಿದರೆ 600 ಮಾಸಿಕ ಶುಲ್ಕಗಳು. ಮೇಯಲ್ಲಿ 38, ಜುಲೈಯಲ್ಲಿ 42 ಬಂದರೆ, ಉಳಿದ ಹತ್ತು ತಿಂಗಳಲ್ಲಿ 520, ಅಂದರೆ ತಿಂಗಳಿಗೆ 52. ಇದು ಮೊದಲೇ ಗೊತ್ತಿದ್ದರೆ ಮಳೆಗಾಲದಲ್ಲಿ ಎದೆ ಒಡೆಯುವುದಿಲ್ಲ.

ಎರಡನೇ ಶಾಖೆಯ ಆಸೆ ಇರುವವರು ಜಿಎಸ್‌ಟಿ ಮರೆಯಬೇಡಿ. ನಮ್ಮಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಒಂದೇ ಪಾನ್‌ನ ಎರಡೂ ಶಾಖೆಗಳ ಮೊತ್ತ ಸೇರಿಸಿಯೇ ನೋಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಜಿಮ್, ಯೋಗ ಕೇಂದ್ರಗಳಿಗೆ ದರ 18ರಿಂದ 5 ಶೇಕಡಾಕ್ಕೆ ಇಳಿದಿದೆ ನಿಜ. ಆದರೆ ಬಾಡಿಗೆ, ಸಾಮಾನುಗಳ ಮೇಲೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆಯುವಂತಿಲ್ಲ. ಅದನ್ನೂ ಖರ್ಚಿನಲ್ಲಿ ಬರೆಯಿರಿ.

ಕೊನೆಯದಾಗಿ, ಇಂದು ಮನೆಗೆ ಹೋಗಿ ಮೊಬೈಲಿನಲ್ಲೇ ಗೂಗಲ್ ಶೀಟ್ಸ್ ತೆರೆಯಿರಿ. ಬಿ1ರಲ್ಲಿ ನಿಮ್ಮ ಸಂಬಳವೂ ಸೇರಿದ ನಿಶ್ಚಿತ ಖರ್ಚು, ಬಿ2ರಲ್ಲಿ ಶುಲ್ಕ, ಬಿ3ರಲ್ಲಿ ತಲೆಗೆ ತಗಲುವ ಖರ್ಚು ಬರೆಯಿರಿ. ಬಿ4ರಲ್ಲಿ ಸಮಚಿಹ್ನೆ ಹಾಕಿ, ಬಿ1 ಅನ್ನು ಬಿ2ರಿಂದ ಬಿ3 ಕಳೆದ ಮೊತ್ತದಿಂದ ಭಾಗಿಸಿ. ಕಳೆಯುವ ಭಾಗವನ್ನು ಆವರಣದೊಳಗೆ ಹಾಕಲು ಮರೆಯಬೇಡಿ, ಇಲ್ಲವಾದರೆ ಉತ್ತರ ತಪ್ಪುತ್ತದೆ. ಬಿ5ರಲ್ಲಿ ನಿಮ್ಮಲ್ಲಿ ಎಷ್ಟು ಜನರಿಗೆ ಜಾಗ ಇದೆ ಎಂದು ಬರೆಯಿರಿ. ಬಿ4ರ ಅಂಕಿ ಬಿ5ಕ್ಕಿಂತ ದೊಡ್ಡದಾದರೆ ಕರಾರಿಗೆ ಸಹಿ ಹಾಕಬೇಡಿ, ಬಳೆ ಬಿಚ್ಚಬೇಡಿ.

ಈ ಹಾಳೆ ತುಂಬಲು ಸಹಾಯ ಬೇಕಾದವರು ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಕೂತು ಮಾಡೋಣ. ಅಪ್ಪ ಕೇಳಿದ ಪ್ರಶ್ನೆಯನ್ನು ನಿಮ್ಮನ್ನೂ ಕೇಳುತ್ತೇನೆ, ಅಷ್ಟೇ.