ಮನೆಯ ಹಣಕ್ಕೆ ಐದು ಡಬ್ಬಿ
(ರಿಚರ್ಡ್ಸ್ ಟೌನ್‌ನಲ್ಲಿ ನಡೆದ ಪೋಷಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣದ ಬಗ್ಗೆ ಮಾತನಾಡಲು ಕರೆದರೆ ಈತ ಡಬ್ಬಿಗಳ ಬಗ್ಗೆ ಮಾತನಾಡುತ್ತಾನಲ್ಲ ಎಂದು ಕೆಲವರಿಗೆ ಅನಿಸಬಹುದು. ಆದರೆ ಶಾಲೆಯಲ್ಲಿ ಪಾಠ ಮಾಡುವ ನಮ್ಮಂಥವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಎಂಟನೇ ತರಗತಿಯ ನಂತರ ಗ್ಯಾರೇಜಿಗೋ ವೆಲ್ಡಿಂಗ್ ಅಂಗಡಿಗೋ ಹೋಗುವ ಹುಡುಗರಲ್ಲಿ ಎಲ್ಲರೂ ಓದಿನಲ್ಲಿ ಹಿಂದುಳಿದವರಲ್ಲ. ಮನೆಯಲ್ಲಿ ಯಾರಿಗೋ ಕಾಯಿಲೆ ಬಂತು, ಸಾಲವಾಯಿತು, ಜೂನ್ ತಿಂಗಳಲ್ಲಿ ಫೀಸಿಗೆ ದುಡ್ಡಿರಲಿಲ್ಲ. ಬಹಳ ಸಲ ಕಥೆ ಇಷ್ಟೇ. ಜೂನ್ ತಿಂಗಳು ಪ್ರತಿ ವರ್ಷವೂ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಅದು ಪ್ರತಿ ವರ್ಷವೂ ನಮ್ಮನ್ನು ಗಾಬರಿಗೊಳಿಸುತ್ತದೆ. ಆ ಗಾಬರಿಯನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ಇಂದಿನ ನನ್ನ ಮಾತು.

ಮೊದಲು ಸ್ವಲ್ಪ ಇತಿಹಾಸ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಇತರ ಪ್ರಮುಖರ ಜೊತೆ ಸೇರಿ ಒಂದು ಬ್ಯಾಂಕು ತೆರೆದರು. ಮೊದಲ ದಿನ ಅದರಲ್ಲಿ ಕೂಡಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಲೆಕ್ಕದಲ್ಲಿ ಬರೆದಿಟ್ಟರು ನೋಡಿ! ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಹೆಸರಾಯಿತು; 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ಉಡುಪಿಯಲ್ಲಿ 1928ರಲ್ಲಿ ಡಾ. ಟಿ.ಎಂ.ಎ. ಪೈಯವರ ಸಂಸ್ಥೆ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಮನೆ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರುತ್ತಿದ್ದರು. 1884ರಲ್ಲಿ ಲಾಹೋರಿನಲ್ಲಿ ಸ್ಥಾಪನೆಯಾದ ಅಂಜುಮನ್ ಹಿಮಾಯತೆ ಇಸ್ಲಾಂ ಸಂಸ್ಥೆಗೆ ಅಲ್ಲಿನ ಹೆಂಗಸರು ರೊಟ್ಟಿಗೆ ಹಿಟ್ಟು ಕಲಸುವ ಮೊದಲು ಒಂದು ಹಿಡಿ ಹಿಟ್ಟನ್ನು ಬೇರೆ ಮಡಕೆಗೆ ಹಾಕಿಡುತ್ತಿದ್ದರು. ಆ ಹಿಟ್ಟು ಮಾರಿದ ಹಣ ಶಾಲೆಗಳಿಗೆ ಹೋಗುತ್ತಿತ್ತು.

ಈ ಮೂರರಲ್ಲೂ ಒಂದು ಸಮಾನ ಅಂಶವಿದೆ. ಖರ್ಚಾದ ಮೇಲೆ ಉಳಿದದ್ದನ್ನು ಇಟ್ಟವರಲ್ಲ ಅವರು. ಖರ್ಚಿಗೆ ಮೊದಲೇ ತೆಗೆದಿಟ್ಟವರು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತೇವೆ.

ಈಗ ಡಬ್ಬಿಗಳ ವಿಷಯಕ್ಕೆ ಬರೋಣ. ಉದಾಹರಣೆಗೆ, ಲಿಂಗರಾಜಪುರದ ಕಡೆಯ ಒಬ್ಬ ಆಟೋ ಚಾಲಕ ಗ್ಯಾಸು, ಗಾಡಿ ಬಾಡಿಗೆ ಕಳೆದು ದಿನಕ್ಕೆ 700 ರೂಪಾಯಿ ಮನೆಗೆ ತರುತ್ತಾನೆ ಎಂದಿಟ್ಟುಕೊಳ್ಳಿ. ತಿಂಗಳಲ್ಲಿ 26 ದಿನ ದುಡಿದರೆ 18,200 ರೂಪಾಯಿ. ಹಾರ್ಲಿಕ್ಸ್ ಬಾಟಲಿಯೋ ಉಪ್ಪಿನಕಾಯಿ ಜಾಡಿಯೋ, ಖಾಲಿಯಾದ ಐದು ಡಬ್ಬಿ ತೆಗೆದುಕೊಳ್ಳಿ. ಒಂದೊಂದರ ಮೇಲೂ ಚೀಟಿ ಅಂಟಿಸಿ: ಬಾಡಿಗೆ, ಅಡುಗೆಮನೆ, ಶಾಲೆ, ಆಪತ್ತು, ಇತರೆ. ಕನ್ನಡದಲ್ಲಿ ಬರೆಯಿರಿ, ಉರ್ದುವಿನಲ್ಲಿ ಬರೆಯಿರಿ, ಮಕ್ಕಳ ಕೈಯಲ್ಲೇ ಬರೆಸಿ. ರಾತ್ರಿ ಹಣ ಮನೆಗೆ ಬಂದ ಕೂಡಲೇ ಬಾಡಿಗೆಗೆ 250, ಅಡುಗೆಮನೆಗೆ 270, ಶಾಲೆಗೆ 60, ಆಪತ್ತಿಗೆ 60, ಇತರೆ 60. ಒಟ್ಟು 700.

ಶಾಲೆಯ ಡಬ್ಬಿಯನ್ನಷ್ಟೇ ನೋಡಿ. ದಿನಕ್ಕೆ 60ರಂತೆ ತಿಂಗಳಿಗೆ 1,560; ವರ್ಷಕ್ಕೆ 18,720 ರೂಪಾಯಿ. ಜೂನ್ ತಿಂಗಳಲ್ಲಿ ಒಂದೇ ಸಲ 18,000 ಹೊಂದಿಸಿ ಎಂದರೆ ಆ ತಂದೆಗೆ ಕೈಕಾಲು ಆಡುವುದಿಲ್ಲ. ದಿನಕ್ಕೆ 60 ತೆಗೆದಿಡಿ ಎಂದರೆ ಕಷ್ಟವಾದರೂ ಪ್ರಯತ್ನ ಮಾಡಬಹುದು. ಶನಿವಾರ ಬಟವಾಡೆ ಪಡೆಯುವವರು ವಾರಕ್ಕೊಮ್ಮೆ ಹೀಗೆ ಹಂಚಿಕೊಳ್ಳಲಿ. ಸಂಬಳದವರು ಒಂದನೇ ತಾರೀಖು ಹಂಚಲಿ. ಮೊತ್ತ ನಿಮ್ಮ ನಿಮ್ಮ ಮನೆಯದು. ನಿಯಮ ಮಾತ್ರ ಎಲ್ಲರಿಗೂ ಒಂದೇ.

ಆ ನಿಯಮ ಯಾವುದು? ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಕೈ ಹಾಕಬಾರದು. ಹಾಕಲೇಬೇಕಾಗಿ ಬಂದರೆ ಎಷ್ಟು ತೆಗೆದೆವು, ಯಾವಾಗ ಹಿಂದಿರುಗಿಸುತ್ತೇವೆ ಎಂದು ಒಂದು ಚೀಟಿ ಬರೆದು ಅದೇ ಡಬ್ಬಿಯೊಳಗೆ ಹಾಕಿ. ಬೇರೆಯವರ ಸಾಲಕ್ಕೆ ಪತ್ರ ಬರೆದುಕೊಡುವ ನಾವು ನಮ್ಮ ಮಕ್ಕಳ ಶಾಲೆಯ ಹಣಕ್ಕೂ ಅಷ್ಟು ಮರ್ಯಾದೆ ಕೊಡಬೇಡವೇ?

ಐದು ಡಬ್ಬಿಯ ಪಕ್ಕದಲ್ಲಿ ಮಕ್ಕಳದೊಂದು ಚಿಲ್ಲರೆ ಡಬ್ಬಿ ಇರಲಿ. ಅಂಗಡಿಯಲ್ಲಿ ಚಿಲ್ಲರೆ ಬದಲು ಚಾಕೊಲೇಟು ಕೊಟ್ಟರೆ ಬೇಡವೆನ್ನಿ, ನಾಣ್ಯವನ್ನೇ ಕೇಳಿ. ದಿನಕ್ಕೆ 10 ರೂಪಾಯಿ ಬಿದ್ದರೂ ವರ್ಷಕ್ಕೆ 3,650 ಆಗುತ್ತದೆ. ಒಂದು ಬ್ಯಾಗು, ಒಂದು ಜೊತೆ ಬೂಟು, ವರ್ಷದ ನೋಟ್ ಪುಸ್ತಕ ಅದರಲ್ಲಿ ಬಂದೀತು. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂದು ಕೆಲವರು ಹಿಂದಿರುಗಿಸುತ್ತಾರೆ. ಅದು ತಪ್ಪು. ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಕಾನೂನುಬದ್ಧ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ನಮ್ಮ ಖಾತೆಗೆ ನಾಣ್ಯ ಜಮಾ ಮಾಡಲು ಮಿತಿಯೂ ಇಲ್ಲ. ನೂರು ನೂರರಂತೆ ಎಣಿಸಿ ಪೊಟ್ಟಣ ಕಟ್ಟಿ ಒಯ್ದರೆ ಬ್ಯಾಂಕಿನವರಿಗೂ ಅನುಕೂಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. "ಸರ್, ಈಗ ಎಲ್ಲರದೂ ಫೋನಿನಲ್ಲೇ ಅಲ್ಲವೇ? ಡಬ್ಬಿ ಯಾಕೆ?" ಎಂದು ಹುಡುಗರು ಕೇಳುತ್ತಾರೆ. ಪ್ರಶ್ನೆ ಸರಿಯೇ. ಆದರೆ ಫೋನಿನಲ್ಲಿ ಹಣ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಹತ್ತರ ಚಹಾ, ಮೂವತ್ತರ ಪಫ್ಸು, ಇಪ್ಪತ್ತೊಂಬತ್ತರ ರೀಚಾರ್ಜು ಎಂದು ಹೋಗುತ್ತಲೇ ಇರುತ್ತದೆ. ಡಬ್ಬಿಯಲ್ಲಿ ತಳ ಕಾಣುತ್ತದೆ. ತಳ ಕಂಡಾಗ ಕೈ ತಾನಾಗಿ ಹಿಂದೆ ಸರಿಯುತ್ತದೆ. ಫೋನಿನಲ್ಲೇ ದುಡಿಮೆ ಬರುವವರು ವಾರಕ್ಕೊಮ್ಮೆ ನಗದು ತೆಗೆದು ಡಬ್ಬಿಗೆ ಹಾಕಲಿ, ಇಲ್ಲವೇ ನೋಟ್ ಪುಸ್ತಕದಲ್ಲಿ ಐದು ಕಾಲಂ ಎಳೆದು ಬರೆಯಲಿ.

ಹೆಸರಿಲ್ಲದ ಹಣ ಉಳಿಯುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ತಾಯಂದಿರಿಗೆ, ಹೆಣ್ಣು ಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂತು. ದಿನಕ್ಕೆ 30 ರೂಪಾಯಿ ಬಸ್ ಚಾರ್ಜು ಕೊಡುತ್ತಿದ್ದವರಿಗೆ 25 ದಿನಕ್ಕೆ 750 ರೂಪಾಯಿ ಉಳಿದಿರಬೇಕು. ಎಲ್ಲಿದೆ ಆ ಹಣ? ಡಬ್ಬಿಗೆ ಬಿದ್ದಿದ್ದರೆ ಇರುತ್ತಿತ್ತು. ಅದೇ ವರ್ಷ ಆಗಸ್ಟ್ 30ರಂದು ಚಾಲನೆ ಸಿಕ್ಕ ಗೃಹಲಕ್ಷ್ಮಿಯ 2,000 ರೂಪಾಯಿಗೂ ಇದೇ ಮಾತು ಅನ್ವಯಿಸುತ್ತದೆ.

ತಾಯಂದಿರೇ, ಸಾಸಿವೆ ಡಬ್ಬಿಯಲ್ಲಿ, ಅಕ್ಕಿ ಡಬ್ಬಿಯಲ್ಲಿ ದುಡ್ಡು ಬಚ್ಚಿಡುವುದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಡಬ್ಬಿ ಹಣ ಕೂಡುವ ಜಾಗವೇ ಹೊರತು ಕಾಯಂ ಆಗಿ ಇಡುವ ಜಾಗವಲ್ಲ. 2011ರ ಜೂನ್ 30ರಂದು ನಾಲ್ಕಾಣೆ ನಾಣ್ಯದ ಚಲಾವಣೆ ನಿಂತಿತು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟುಗಳು ರದ್ದಾದಾಗ ಎಷ್ಟೋ ಹೆಂಗಸರು ವರ್ಷಗಟ್ಟಲೆ ಗುಟ್ಟಾಗಿ ಕೂಡಿಟ್ಟ ಹಣವನ್ನು ಹೊರಗೆ ತೆಗೆಯಬೇಕಾಯಿತು. ಆದ್ದರಿಂದ ಒಂದು ತಿಂಗಳಿಗಿಂತ ಹೆಚ್ಚಿನ ಹಣ ಮನೆಯಲ್ಲಿ ಬೇಡ. ತಿಂಗಳ ಕೊನೆಗೆ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಕುಳಿತು ಎಣಿಸಿ. ಶಾಲೆಯ ಹಣವನ್ನೂ ಆಪತ್ತಿನ ಹಣವನ್ನೂ ತಾಯಿಯ ಹೆಸರಿನ ಖಾತೆಗೆ ಜಮಾ ಮಾಡಿ. 2014ರಿಂದ ಜನಧನ್ ಖಾತೆಗೆ ಕನಿಷ್ಠ ಮೊತ್ತದ ಕಟ್ಟುಪಾಡೂ ಇಲ್ಲ. ಬಡ್ಡಿ ಬೇಡವೆನ್ನುವವರು, ಖಾತೆಗೆ ಸೇರಿದ ಬಡ್ಡಿಯನ್ನು ಏನು ಮಾಡಬೇಕೆಂದು ತಿಳಿದ ಉಲಮಾಗಳನ್ನು ಕೇಳಲಿ. ಅದೇ ಕಾರಣ ಹೇಳಿ ಹಣವನ್ನು ಸಿಕ್ಕಸಿಕ್ಕವರ ಕೈಗೆ ಕೊಡಬೇಡಿ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಎಂದು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. 2019ರ ಜೂನ್ ತಿಂಗಳಲ್ಲಿ ಶಿವಾಜಿನಗರದ ಐಎಂಎ ಬಾಗಿಲು ಮುಚ್ಚಿದಾಗ ಹತ್ತಾರು ಸಾವಿರ ಜನ ದೂರು ಕೊಡಲು ಸಾಲುಗಟ್ಟಿ ನಿಂತರು. ಮಗಳ ಮದುವೆಗೆಂದು, ಮಗನ ಕಾಲೇಜಿಗೆಂದು ಕೂಡಿಟ್ಟ ಹಣ ಅದು. ಅವರಿಗೆ ಉಳಿತಾಯ ಮಾಡುವುದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದವರೇ ಅವರು. ತಿಂಗಳು ತಿಂಗಳೂ ದೊಡ್ಡ ಲಾಭದ ಆಸೆ ತೋರಿಸಿದ ಕಡೆ ನಂಬಿ ಇಟ್ಟರು. 2020ರ ಫೆಬ್ರವರಿಯಿಂದ ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆ ಇದೆ. ಲಾಭದ ಭರವಸೆಗೆ ಅಂಥ ವಿಮೆ ಇಲ್ಲ. ಗಡ್ಡ ನೋಡಿ, ಮಾತು ಕೇಳಿ ಹಣ ಕೊಡಬೇಡಿ. ಕಾಗದ ನೋಡಿ ಕೊಡಿ. ಆ ಕಾಗದವನ್ನು ಓದಲು ಬರುವ ಮಗ ಮಗಳು ಮನೆಯಲ್ಲಿರಲಿ ಎಂದೇ ನಾವು ಶಾಲೆ ನಡೆಸುವುದು.

ಕೊನೆಯದಾಗಿ ಒಂದು ಮಾತು. ಡಬ್ಬಿ ಇಟ್ಟ ಮಾತ್ರಕ್ಕೆ ಆದಾಯ ಹೆಚ್ಚುವುದಿಲ್ಲ. ಅಗರಬತ್ತಿ ಹೊಸೆದು, ಬಟ್ಟೆ ಹೊಲಿದು ದಿನಕ್ಕೆ ನೂರಿನ್ನೂರು ಕಾಣುವ ತಾಯಿಗೆ "ಉಳಿತಾಯ ಮಾಡಮ್ಮ" ಎಂದು ಉಪದೇಶಿಸುವ ಹಕ್ಕು ನನಗಿಲ್ಲ. ಅಂಥ ಮನೆಯ ಮಕ್ಕಳ ಹೊಣೆ ಈ ಸಂಘದ್ದು, ಇಲ್ಲಿ ಕುಳಿತಿರುವ ನಮ್ಮೆಲ್ಲರದು. ನಮ್ಮ ಮನೆಯ ಐದು ಡಬ್ಬಿಯ ಜೊತೆಗೆ ಆರನೆಯದೊಂದನ್ನು ಆ ಮಕ್ಕಳ ಹೆಸರಿನಲ್ಲಿ ಇಡೋಣ. ದಿನಕ್ಕೆ ಐದು ರೂಪಾಯಿ ಹಾಕಿದರೂ ವರ್ಷಕ್ಕೆ 1,825. ನೂರು ಮನೆಗಳು ಸೇರಿದರೆ 1,82,500 ರೂಪಾಯಿ. ಎಷ್ಟು ಮಕ್ಕಳ ಫೀಸು ಆಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಉರ್ದುವಿನಲ್ಲಿ ಖತ್ರಾ ಖತ್ರಾ ದರಿಯಾ ಎನ್ನುತ್ತಾರೆ. ಕನ್ನಡದಲ್ಲಿ ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವೆ. ನಾನು ಎರಡೂ ಭಾಷೆ ಕಲಿಸುವವನು. ಎರಡರಲ್ಲೂ ಲೆಕ್ಕ ಒಂದೇ. ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಖಾಲಿ ಡಬ್ಬಿಗಳನ್ನು ತೊಳೆದು ಒಣಗಿಸಿ, ಚೀಟಿ ಅಂಟಿಸಿ. ಶಾಲೆಯ ಡಬ್ಬಿಗೆ ಮೊದಲ ನಾಣ್ಯ ನಿಮ್ಮ ಕೈಯಿಂದಲೇ ಬೀಳಲಿ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ತು ಕೊಡಲಿ.