ಓದಲು ಬಂದವರ ಊರು

ಒಂದು ಊರಿನ ಬಾಳುವೆ ಚೆನ್ನಾಗಿದೆಯೆ ಎಂದು ತಿಳಿಯಬೇಕಾದರೆ ಅಲ್ಲಿಯ ಬೀದಿ, ಅಂಗಡಿ, ಸಿರಿವಂತರ ಮನೆಗಳನ್ನು ನೋಡುವ ವಾಡಿಕೆಯುಂಟು. ವಿದ್ಯೆಯ ಊರಿಗೆ ಈ ಅಳತೆ ಸಾಲದು. ಕಿಸೆಯಲ್ಲಿ ಹೆಚ್ಚು ಹಣವಿಲ್ಲದೆ ಹಳ್ಳಿಯಿಂದ ಬಂದಿಳಿದ ಹುಡುಗನಿಗೆ, ಹುಡುಗಿಗೆ ಆ ಊರು ಬೆಲೆ ಕೇಳದೆ ಏನನ್ನು ಕೊಡುತ್ತದೆ? ಅದನ್ನು ನೋಡಬೇಕು. ಧಾರವಾಡವನ್ನು ಈ ಕಣ್ಣಿನಿಂದ ಒಮ್ಮೆ ನೋಡೋಣ.

ನೀವು ಧಾರವಾಡಕ್ಕೆ ಬಾರದಿದ್ದರೂ ಅದರ ಪೇಡೆಯನ್ನಂತೂ ತಿಂದಿರುತ್ತೀರಿ. ಊರು ಸಮುದ್ರಮಟ್ಟಕ್ಕಿಂತ ಸುಮಾರು 2400 ಅಡಿ ಎತ್ತರದಲ್ಲಿದೆ. ಪಡುವಣಕ್ಕೆ ನಡೆದರೆ ಮಲೆನಾಡಿನ ಸೆರಗು, ಮೂಡಣಕ್ಕೆ ನಡೆದರೆ ಎರೆಯ ಬಯಲು. ಬೇಸಗೆಯ ಹಗಲು ಎಷ್ಟೇ ಸುಡಲಿ, ಸಂಜೆ ಕೆಲಗೇರಿ ಕೆರೆಯ ಕಡೆಯಿಂದ ತಂಗಾಳಿ ಬೀಸುತ್ತದೆ. ಇದು ದೇವರು ಕೊಟ್ಟದ್ದು. ಮನುಷ್ಯರು ಕೊಟ್ಟದ್ದರ ಮಾತು ಬೇರೆ. ನನಗೆ ಹೆಚ್ಚಿನದೆನಿಸುವುದು ಅದು.

ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡ ಕಾಲೇಜಿಗೆಂದು ಕಟ್ಟಿದ್ದಲ್ಲ. ದಕ್ಷಿಣ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಅದು. 1908ರಲ್ಲಿ ಆ ಕಂಪನಿ ಮದ್ರಾಸಿನದರೊಡನೆ ಕೂಡಿಕೊಂಡಿತು. ಕಚೇರಿ ಮದ್ರಾಸಿಗೆ ಹೋಯಿತು. ಕಚೇರಿ ಹೋದ ಊರು ಸೊರಗುವುದು ಸಹಜ. ಆದರೆ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಓಡಾಡಿ ಹಣ ಕೂಡಿಸಿದರು. 1917ರಲ್ಲಿ ಕಾಲೇಜು ಬಂದಿತು, ಮುಂದೆ ಆ ಕಟ್ಟಡವೂ ಅದರದಾಯಿತು. ಅಲ್ಲಿಯವರೆಗೆ ಬಿ.ಎ. ಓದಬೇಕೆಂದವನು ಪುಣೆಗೊ ಮುಂಬಯಿಗೊ ಹೋಗಬೇಕಿತ್ತು. ಹೋಗುವಷ್ಟು ಅನುಕೂಲವಿಲ್ಲದವನು ಮ್ಯಾಟ್ರಿಕ್ಕಿಗೇ ಕೈಮುಗಿಯಬೇಕಿತ್ತು. ವಿಶ್ವವಿದ್ಯಾಲಯವೂ ಹೀಗೆಯೇ: 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದಿತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರ ಕಾಲದಲ್ಲಿ ಛೋಟಾ ಮಹಾಬಳೇಶ್ವರದ ಬೋಳುಗುಡ್ಡ ವಿದ್ಯೆಯ ಬೀಡಾಯಿತು.

ಕಟ್ಟಡವಾದರೇನು, ಉಣ್ಣಬೇಕಲ್ಲ? ಇಲ್ಲಿಯೇ ಈ ಊರಿನ ನಿಜವಾದ ಹಿರಿಮೆ. ಹಿಂದೆ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರ ಹಚ್ಚಿಕೊಂಡು ಉಂಡು ಓದಿದರು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ದೊಡ್ಡವರಾದವರು ನಾಡಿನ ತುಂಬ ಇದ್ದಾರೆ. ಇನ್ನು ಬಸ್ಸಿನ ಬುತ್ತಿ. ತಾಯಿ ನಸುಕಿನಲ್ಲೆದ್ದು ತಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಕಾಳಿನ ಪಲ್ಯ ಬಟ್ಟೆಯಲ್ಲಿ ಗಂಟಾಗಿ, ಮೇಲೆ ಹೆಸರು ಬರೆಸಿಕೊಂಡು ಹಳ್ಳಿಯ ಬಸ್ಸಿನಲ್ಲಿ ಬರುತ್ತದೆ. ಹುಡುಗ ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳುತ್ತಾನೆ. ಡ್ರೈವರನ ಕಣ್ಣಳತೆಯಲ್ಲಿ ನೂರಾರು ಹುಡುಗರು ಪದವೀಧರರಾಗಿದ್ದಾರೆ. ಯಾವ ಸರಕಾರಿ ವರದಿಯಲ್ಲಿಯೂ ಈ ವಿದ್ಯಾರ್ಥಿವೇತನದ ಲೆಕ್ಕ ಸಿಗಲಾರದು!

ಹೊಟ್ಟೆಯಂತೆಯೇ ಕಿವಿಗೂ ಊಟವಿತ್ತು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕಟ್ಟಿದ ವಿದ್ಯಾವರ್ಧಕ ಸಂಘದಲ್ಲಿ ಸಂಜೆಯ ಉಪನ್ಯಾಸಕ್ಕೆ ಟಿಕೇಟು ಇಲ್ಲ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆಯ ಬಾಗಿಲು ತಟ್ಟಲು ಪರಿಚಯಪತ್ರ ಬೇಕಿರಲಿಲ್ಲ. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಹೊಸ ಬರೆಹಗಾರನೂ ಹಳೆಯ ಬರೆಹಗಾರನೂ ಒಂದೇ ಚಾಪೆಯವರು. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು ಇದೇ ಊರಿನ ಬೀದಿಗಳಲ್ಲಿ ಎಲ್ಲರಂತೆ ನಡೆದಾಡಿದರು. ದೊಡ್ಡವರನ್ನು ದಿನಾ ಕಾಣುವುದೇ ಒಂದು ಶಿಕ್ಷಣ. ಊರು ಸಣ್ಣದಾಗಿದ್ದುದರಿಂದ ಅದು ಸಾಧ್ಯವಾಯಿತು.

ಈಗ ಊರು ಸಣ್ಣದಲ್ಲ. 1962ರಲ್ಲಿಯೇ ಹುಬ್ಬಳ್ಳಿಯೊಡನೆ ಒಂದೇ ನಗರಪಾಲಿಕೆಯಾಯಿತು. 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ, 2016ರಲ್ಲಿ ಐ.ಐ.ಟಿ. ಬಂದವು. 2018ರಲ್ಲಿ ಎರಡೂ ಊರುಗಳ ನಡುವೆ ವೇಗದ ಬಸ್ಸು ಓಡತೊಡಗಿತು. ಹಿತವೇ, ಆದರೆ ಆ ದಾರಿಗಾಗಿ ಉರುಳಿದ ಮರಗಳ ನೆರಳನ್ನು ಬಲ್ಲವರಿಗೆ ಈಗಲೂ ಅಲ್ಲಿ ನಡೆಯುವಾಗ ತಲೆ ಸುಡುತ್ತದೆ. ನೀರಿನ ಕಥೆ ಇನ್ನೊಂದು. 2008ರ ಸುಮಾರಿಗೆ ಕೆಲವೇ ವಾರ್ಡುಗಳಿಗೆ ಮಲಪ್ರಭೆಯ ನೀರು ಹಗಲಿರುಳೂ ಬರತೊಡಗಿತು. ಅದಾದ ಮೇಲೆಯೂ ಎಷ್ಟೋ ಬಡಾವಣೆಗಳು ವಾರಕ್ಕೊಮ್ಮೆ ಬರುವ ನೀರಿಗೆ ಕೊಡ ಹಿಡಿದು ಕಾದಿವೆ. ಖೋಲಿ ಹಿಡಿದು ಓದುವವನಿಗೆ ಇದರಿಂದ ಆಗುವ ತೊಂದರೆ ಸಂಸಾರಸ್ಥನದಕ್ಕಿಂತ ಹೆಚ್ಚು: ನೀರು ಬರುವ ಹೊತ್ತಿಗೆ ಅವನು ಮನೆಯಲ್ಲಿರುವುದಿಲ್ಲ, ತುಂಬಿಡಲು ಅವನಲ್ಲಿ ತೊಟ್ಟಿಯೂ ಇಲ್ಲ.

ಬರುವವರೂ ಬೇರೆಯಾಗಿದ್ದಾರೆ. ಸಪ್ತಾಪುರದ ಕಡೆ ಒಂದು ಸುತ್ತು ಹಾಕಿರಿ. ಗೋಡೆಗೋಡೆಗೂ ಸ್ಪರ್ಧಾ ಪರೀಕ್ಷೆಯ ತರಗತಿಗಳ ಫಲಕಗಳು. ಪದವಿ ಮುಗಿಸಿ, ಪೋಲೀಸು, ಕಂದಾಯ, ಶಿಕ್ಷಣ ಇಲಾಖೆಗಳ ನೌಕರಿಗಾಗಿ ಇಪ್ಪತ್ತೈದು, ಮೂವತ್ತರ ವಯಸ್ಸಿನವರು ಇಲ್ಲಿ ಬೀಡುಬಿಟ್ಟಿದ್ದಾರೆ. ಅವರ ಕಾಯುವಿಕೆಗೆ ಒಂದೇ ಉದಾಹರಣೆ ಸಾಕು. 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ಅದು ರದ್ದಾಯಿತು. ಮರುಪರೀಕ್ಷೆಯಾದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವನು ಆ ಎರಡು ವರ್ಷ ಖೋಲಿಯ ಬಾಡಿಗೆ, ಖಾನಾವಳಿಯ ಬಾಕಿ ಎಲ್ಲಿಂದ ತಂದಿದ್ದಾನು? ಹೊಲದಿಂದ, ಇಲ್ಲವೆ ತಾಯಿಯ ಕಿವಿಯೋಲೆಯಿಂದ.

ಇವರಿಗಾಗಿ ಹೊಸ ಬಗೆಯ ‘ಲೈಬ್ರರಿ’ಗಳು ಹುಟ್ಟಿಕೊಂಡಿವೆ. ತಿಂಗಳಿಗೆ ಇಷ್ಟೆಂದು ಹಣ ಕೊಟ್ಟರೆ ಹಲಗೆಯ ಮರೆ, ಒಂದು ಕುರ್ಚಿ, ಒಂದು ದೀಪ, ಪುಸ್ತಕ ನಿಮ್ಮದೇ. ಗ್ರಂಥಗಳ ಆಲಯ ಗ್ರಂಥಾಲಯ, ಷಷ್ಠೀ ತತ್ಪುರುಷ ಎಂದು ಮೂವತ್ತು ವರ್ಷ ಹೇಳಿಕೊಟ್ಟ ನನ್ನಂಥ ಪಂಡಿತನು ಈಗ ಈ ಸಮಾಸವನ್ನು ಹೇಗೆ ಬಿಡಿಸಲಿ? ನಡೆಸುವವರನ್ನು ದೂರಲಾರೆ, ಅವರೂ ಬಾಡಿಗೆ ಕಟ್ಟಬೇಕು. ನನಗೆ ಕಳವಳವೆನಿಸುವುದು ಬೇರೆ. ಶಾಂತವಾಗಿ ಕುಳಿತು ಓದುವ ಎರಡು ಮೊಳ ಜಾಗವೂ ಈ ಊರಿನಲ್ಲಿ ಮಾರಾಟದ ವಸ್ತುವಾಯಿತು. ಅದು ಯಾವ ಊರಿನಲ್ಲಾದರೂ ಆಗಬಹುದು, ಧಾರವಾಡದಲ್ಲಿ ಆಗಬಾರದಿತ್ತು.

ಧಾರವಾಡದ ಮನೆವಾರ್ತೆಯವರೆ, ಶಾಲಾ ಕಾಲೇಜುಗಳ ಆಡಳಿತಗಾರರೆ, ಈ ಮಾತನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಎಷ್ಟೊಂದು ಶಾಲೆಗಳ ಕೊಠಡಿಗಳು ಸಂಜೆ ಐದಕ್ಕೆ ಬೀಗ ಕಂಡರೆ ಬೆಳಿಗ್ಗೆಯವರೆಗೆ ತೆರೆಯುವುದಿಲ್ಲ! ಬೆಂಚುಗಳಿವೆ, ದೀಪಗಳಿವೆ. ಪ್ರತಿ ಓಣಿಯಲ್ಲಿ ಒಂದು ಶಾಲೆಯಾದರೂ ಎರಡು ಕೊಠಡಿಗಳನ್ನು ರಾತ್ರಿ ಹತ್ತರವರೆಗೆ ತೆರೆದಿಟ್ಟರೆ, ಒಂದನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟರೆ, ಎಷ್ಟು ಖರ್ಚಾದೀತು? ಒಬ್ಬ ಕಾವಲುಗಾರನ ಸಂಬಳ, ಕರೆಂಟಿನ ಬಿಲ್ಲು, ಒಂದು ಕುಡಿಯುವ ನೀರಿನ ಹರವಿ. ನಿವೃತ್ತ ಮಾಸ್ತರರು ಸರದಿಯ ಮೇಲೆ ಒಂದೊಂದು ಸಂಜೆ ಬಂದು ಕುಳಿತರೆ ಕೀಲಿಕೈ ಯಾರ ಬಳಿ ಇರಬೇಕೆಂಬ ತಕರಾರೂ ಬಾರದು. ನಾನು ನಿವೃತ್ತನಾಗಲು ಇನ್ನು ಕೆಲವು ವರ್ಷಗಳಿವೆ. ಗುರುವಾರದ ಸಂಜೆಗೆ ಈಗಲೇ ನನ್ನ ಹೆಸರನ್ನು ಬರೆದುಕೊಳ್ಳಬಹುದು.